ಆಬಿದಾ ಬೇಗಂ ಮತ್ತು ಔಷಧದ ದಾರಿ

ಆಬಿದಾ ಬೇಗಂ ಅರೆತೆರೆದ ಬಾಗಿಲನ್ನು ಕಂಡು ಸುಮ್ಮನೆ ಮುಂದೆ ಹೋದವರಲ್ಲ. ತಮ್ಮ ಮನೆಯದಿರಲಿ, ಪರರ ಮನೆಯದಿರಲಿ, ಬ್ಯಾಂಕಿನದಿರಲಿ, ಬಾಗಿಲೊಂದು ಸಂದು ಬಿಟ್ಟು ನಿಂತಿದ್ದರೆ ಅವರ ಬಲಗೈ ತಾನಾಗಿ ಮುಂದೆ ಚಾಚಿ, ಅದನ್ನು ಮೆತ್ತಗೆ ದೂಡಿ, ಕೊಂಡಿ ಕೂತ ಸದ್ದು ಕೇಳಿದ ಮೇಲೆಯೇ ಹಿಂದಕ್ಕೆ ಬರುತ್ತಿತ್ತು. ಒಮ್ಮೆ ಫ್ರೇಜರ್ ಟೌನಿನ ಶಾದಿ ಮಹಲಿನಲ್ಲಿ, ಸೋದರನ ಮಗಳ ಮದುವೆಯ ದಿನ, ಬಿರಿಯಾನಿಯ ಹಂಡೆಗಳು ಸಾಲಾಗಿ ಹೊರಬರಬೇಕಾಗಿದ್ದ ಅಡುಗೆಮನೆಯ ಬಾಗಿಲನ್ನೂ ಹೀಗೆಯೇ ಮುಚ್ಚಿ ಚಿಲಕ ಹಾಕಿ, ಹಂಡೆ ಹೊತ್ತವರನ್ನು ಒಳಗೇ ಉಳಿಸಿ, ಗಂಡಿನ ಕಡೆಯವರನ್ನು ಹಸಿದ ಹೊಟ್ಟೆಯಲ್ಲಿ ಕಾಯಿಸಿದ್ದರಂತೆ. ಈ ಕತೆಯನ್ನು ಅವರೇ ಹೇಳಿ ಅವರೇ ನಗುತ್ತಿದ್ದರು. ಆದರೆ ಪಾಠವನ್ನೇನೂ ಕಲಿತಿರಲಿಲ್ಲ. ಮುಂದಿನ ಮದುವೆಯಲ್ಲಿ ಅವರನ್ನು ಅಡುಗೆಮನೆಯಿಂದ ಬಹುದೂರದ ಕುರ್ಚಿಯಲ್ಲಿ ಕೂರಿಸಬೇಕಾಯಿತು.

ಈ ರೂಢಿ ತಂದೆಯಿಂದ ಬಂದದ್ದು. ಶಿವಾಜಿನಗರದ ಮೀನಂಗಡಿಗಳಿಗೆ ಮಂಜುಗಡ್ಡೆ ಒದಗಿಸುತ್ತಿದ್ದ ಇನಾಯತ್ ಉಲ್ಲಾ ಸಾಹೇಬರ ಹಿರಿಯ ಮಗಳು ಆಕೆ. ಮರದ ಹೊಟ್ಟಿನಲ್ಲಿ ಹುದುಗಿಸಿ, ಗೋಣಿಯಲ್ಲಿ ಸುತ್ತಿಟ್ಟ ಮಂಜಿನ ಇಟ್ಟಿಗೆಗಳ ನಡುವೆ ಬಾಲ್ಯ ಕಳೆದವರು. "ಬಿಸಿಲಿಗೆ ಹೆದರಬೇಡ ಬೇಟಾ, ಅದು ಕಣ್ಣಿಗೆ ಕಾಣ್ತದೆ. ಬರ್ಫ್‌ಗೆ ಅಸಲಿ ದುಶ್ಮನ್ ಬಾಗಿಲು" ಎಂದು ಸಾಹೇಬರು ಹೇಳುತ್ತಿದ್ದರಂತೆ. ಮಗಳು ಔಷಧಶಾಸ್ತ್ರ ಓದಿದಳು, ಔಷಧ ಕಂಪನಿಗಳಲ್ಲಿ ದುಡಿದಳು, ಕೊನೆಗೆ ಹಲಸೂರು ಕೆರೆಯ ಆಚೆಗಿನ ಒಂದು ಧರ್ಮಾರ್ಥ ಆಸ್ಪತ್ರೆಯ ಔಷಧಾಗಾರಕ್ಕೆ ಮುಖ್ಯಸ್ಥೆಯಾಗಿ ಬಂದಳು. ಸಾಹೇಬರು ತೀರಿಕೊಂಡ ಮೇಲೆ ಅವರ ಕಂದು ಬಣ್ಣದ ಉಣ್ಣೆಯ ಕೋಟು ಮಗಳ ಪಾಲಿಗೆ ಬಂತು. ಶೀತಕೋಣೆಗೆ ಹೋಗುವಾಗ ಬೇಕೆಂದು ಧರಿಸತೊಡಗಿದ್ದು ಕ್ರಮೇಣ ಕ್ಯಾಂಟೀನಿಗೂ, ಸಭೆಗಳಿಗೂ, ಏಪ್ರಿಲ್ ತಿಂಗಳ ಸುಡುಬಿಸಿಲಿಗೂ ಹಬ್ಬಿತು. ಉದ್ದವಾದ ತೋಳುಗಳನ್ನು ಮಡಿಚಿ, ತಲೆಯ ಮೇಲಿನ ದುಪಟ್ಟಾದ ತುದಿಯನ್ನು ಕೋಟಿನ ಕಾಲರಿಗೆ ಸಿಕ್ಕಿಸಿ, ನಿಧಾನವಾಗಿ ನಡೆದು, ಆಗಾಗ ನಿಂತು ಬಂದ ದಾರಿಯನ್ನು ಹೊರಳಿ ನೋಡುವ ಆ ಆಕೃತಿಯನ್ನು ಆಸ್ಪತ್ರೆಯಲ್ಲಿ ಅರಿಯದವರಿರಲಿಲ್ಲ.

ನಾನು ಆ ಆಸ್ಪತ್ರೆಯ ವಾರ್ಷಿಕ ವರದಿಯನ್ನು ಬರೆದುಕೊಡುತ್ತಿದ್ದವನು. ದಾನಿಗಳ ಮನ ಕರಗುವಂತೆ ನಾಲ್ಕು ಮಾತು ಬರೆಯುವುದಷ್ಟೇ ನನ್ನ ಕೆಲಸ. ಔಷಧಾಗಾರದ ಬಗ್ಗೆ ಮನ ಕರಗುವಂಥದ್ದು ಏನಿರಲು ಸಾಧ್ಯವೆಂಬ ಉದಾಸೀನದಿಂದಲೇ ಮೊದಲ ಸಲ ಅವರ ಕೋಣೆಗೆ ಹೋದೆ. ಬಾಗಿಲನ್ನು ಹಾಕದೆ ಒಳಬಂದೆನೆಂದು ಕೂರುವ ಮೊದಲೇ ಬೈಸಿಕೊಂಡೆ.

ಅವರ ಬಾಯಲ್ಲಿ ಸದಾ ಆಡುತ್ತಿದ್ದ ಮಾತೊಂದಿತ್ತು: "ಅದಕ್ಕೂ ಮುಂಚೆ?" ದಾದಿ ಬಂದು ಸೂಜಿ ಮುಗಿಯಿತೆಂದರೆ "ಅದಕ್ಕೂ ಮುಂಚೆ ಏನಾಯ್ತು?" ಎನ್ನುವರು. ಕ್ಯಾಂಟೀನಿನವನು ಇಡ್ಲಿ ಗಟ್ಟಿಯಾಯಿತೆಂದರೆ ಅದಕ್ಕೂ ಇದೇ ಪ್ರಶ್ನೆ. ಅವನು ಹಿಟ್ಟಿನ ಮೇಲೆ ಹಾಕಿದರೆ ಹಿಟ್ಟಿಗೂ ಮುಂಚೆ, ಅಕ್ಕಿಯ ಮೇಲೆ ಹಾಕಿದರೆ ಅಕ್ಕಿಗೂ ಮುಂಚೆ. ಎದುರಿಗಿದ್ದವರು ರೇಗಿ ಎದ್ದುಹೋಗುವವರೆಗೂ ಹಿಂದುಹಿಂದಕ್ಕೆ ನಡೆಯುವುದು ಅವರ ಸ್ವಭಾವ. ಯಾವುದೇ ಘಟನೆ ತಾನಿರುವಲ್ಲಿ ಹುಟ್ಟುವುದಿಲ್ಲ, ಎಲ್ಲೋ ಹುಟ್ಟಿ ಇಲ್ಲಿಗೆ ನಡೆದು ಬರುತ್ತದೆ, ಬರುವ ದಾರಿಯಲ್ಲಿ ಹತ್ತು ಕೈಗಳು ಅದನ್ನು ಮುಂದಕ್ಕೆ ದಾಟಿಸಿರುತ್ತವೆ ಎಂಬುದು ಅವರ ನಂಬಿಕೆ. ಹೀಗಾಗಿ ಯಾರ ತಪ್ಪು ಎಂದು ಕೇಳಿದರೆ ಅವರಿಂದ ಹೆಸರು ಬರುತ್ತಿರಲಿಲ್ಲ. ಇದು ಹಲವರಿಗೆ ಜಾಣತನದ ಜಾರಿಕೆಯಾಗಿ ತೋರುತ್ತಿತ್ತು. ನನಗೂ ಕೆಲಕಾಲ ಹಾಗೆಯೇ ತೋರಿತ್ತು.

ಅವರ ರೀತಿ ಎಂಥದೆಂದು ತಿಳಿದದ್ದು ಕೈಗವಸಿನ ಪ್ರಸಂಗದಲ್ಲಿ. ಒಂದು ಮಳೆಗಾಲ ಜ್ವರದ ಹಾವಳಿ ಹೆಚ್ಚಿ, ವಾರ್ಡುಗಳೆಲ್ಲ ಕೈಗವಸಿಲ್ಲವೆಂದು ಬೊಬ್ಬೆಯಿಟ್ಟವು. ಹೆಚ್ಚು ಕೊಂಡರು, ಅದೂ ಸಾಲದಾಯಿತು. ಮತ್ತೆ ಕೊಂಡರು, ಕೂಗು ಇನ್ನೂ ಹೆಚ್ಚಿತು. ಪಡಿಯನ್ನು ಕಡಿತಗೊಳಿಸಿ ಬಿಗಿ ಮಾಡಬೇಕೆಂದು ಎಲ್ಲರ ಸಲಹೆ. ಆಬಿದಾ ಬೇಗಂ ವಾರ್ಡಿನಿಂದ ವಾರ್ಡಿಗೆ ನಡೆದು, ಬೀರುಗಳನ್ನು ತೆರೆಸಿ, ಹಾಸಿಗೆಗಳ ಕೆಳಗೆ ಬಗ್ಗಿ ನೋಡಿದರು. ಇಡೀ ಆಸ್ಪತ್ರೆ ಕೈಗವಸಿನ ಮೇಲೆಯೇ ಕುಳಿತು ಕೈಗವಸಿಲ್ಲವೆಂದು ಅಳುತ್ತಿತ್ತು. ನಾಳೆ ಸಿಗಲಿಕ್ಕಿಲ್ಲವೆಂದು ಒಬ್ಬರು ಬಚ್ಚಿಟ್ಟರೆ, ಅವರು ಬಚ್ಚಿಟ್ಟದ್ದರಿಂದಲೇ ಇನ್ನೊಬ್ಬರಿಗೆ ಇಂದು ಸಿಗದೆ, ಅವರೂ ಬಚ್ಚಿಡುವ ಸುಳಿ ಅದು. ಯಾರನ್ನೂ ಬೈಯದೆ ಅವರು ಒಂದೇ ಮಾತು ಹೇಳಿದರು: "ಇವತ್ತಿಂದ ಯಾರು ಎಷ್ಟು ಕೇಳಿದ್ರೂ ಕೊಡ್ತೀನಿ. ಪ್ರಶ್ನೆ ಇಲ್ಲ." ಲೆಕ್ಕದವರು ತಲೆಯ ಮೇಲೆ ಕೈ ಹೊತ್ತರು. ಮೊದಲ ವಾರ ಎಲ್ಲರೂ ಬಾಚಿಕೊಂಡರು. ಎರಡನೆಯ ವಾರ ಬೇಡಿಕೆ ಇಳಿಯಿತು, ತಿಂಗಳು ತುಂಬುವಷ್ಟರಲ್ಲಿ ವಾರ್ಡುಗಳು ತಾವಾಗಿ ಹೆಚ್ಚಿನದನ್ನು ಹಿಂದಿರುಗಿಸಿದವು. "ಅವರು ಕೈಗವಸು ಕೇಳ್ತಾ ಇರ್ಲಿಲ್ಲ ರೀ, ಹೆದರಿಕೆ ಹೇಳ್ಕೋತಾ ಇದ್ರು" ಎಂದು ನನಗೆ ವಿವರಿಸಿದರು. ಆ ವರ್ಷದ ವರದಿಯಲ್ಲಿ ಈ ಮಾತನ್ನು ದಪ್ಪಕ್ಷರದಲ್ಲಿ ಹಾಕಿಸಿದೆ, ದಾನಿಗಳೂ ಮೆಚ್ಚಿದರು.

ಇನ್ನು ಮುಂದಿನದು ದುಃಖದ ಸಂಗತಿ.

ಆಸ್ಪತ್ರೆಗೆ ಸೇರಿದ ಚಿಕ್ಕ ಹೆರಿಗೆ ಕೇಂದ್ರಗಳು ಜೋಗುಪಾಳ್ಯದಲ್ಲಿ, ಕೆ.ಆರ್. ಪುರದಲ್ಲಿ, ಮಹದೇವಪುರದಲ್ಲಿ ಇದ್ದವು. ಮಹದೇವಪುರದ ಕೇಂದ್ರದಲ್ಲಿ ಕೋಕಿಲಾ ಎಂಬ ಹುಡುಗಿ ಚೊಚ್ಚಲ ಹೆಣ್ಣುಮಗುವನ್ನು ಹೆತ್ತಳು. ಹೆರಿಗೆ ಸುಸೂತ್ರವಾಯಿತು, ಆದರೆ ರಕ್ತ ನಿಲ್ಲಲಿಲ್ಲ. ಇದಕ್ಕೆಂದೇ ಆಕ್ಸಿಟೋಸಿನ್ ಎಂಬ ಚುಚ್ಚುಮದ್ದು ಇದೆ, ಗರ್ಭಕೋಶವನ್ನು ಬಿಗಿಸಿ ರಕ್ತವನ್ನು ತಡೆಯುವಂಥದು. ಕೊಟ್ಟರು. ಮತ್ತೊಮ್ಮೆ ಕೊಟ್ಟರು. ನೀರು ಚುಚ್ಚಿದಂತಾಯಿತು. ಹತ್ತಿರದ ಬೇರೊಂದು ದೊಡ್ಡ ಆಸ್ಪತ್ರೆಗೆ ಸಾಗಿಸುವಾಗ, ಹೊರವರ್ತುಲ ರಸ್ತೆಯ ವಾಹನಗಳ ಒತ್ತಿನಲ್ಲಿ, ಮಾರತ್ತಹಳ್ಳಿಯನ್ನು ತಲುಪುವ ಮೊದಲೇ ಅವಳ ಪ್ರಾಣ ಹೋಯಿತು.

ಉಳಿದ ಮದ್ದನ್ನು ಆಬಿದಾ ಬೇಗಂ ತಾವೇ ಹೋಗಿ ತಂದು ಪರೀಕ್ಷೆಗೆ ಕಳಿಸಿದರು. ಆ ಮದ್ದು ಶೈತ್ಯದಲ್ಲಿರಬೇಕಾದದ್ದು. ದಿನಗಟ್ಟಲೆ ಶಾಖ ತಗುಲಿದರೆ ಸತ್ವ ಕಳೆದುಕೊಳ್ಳುತ್ತದೆ. ಬಣ್ಣ ಬದಲಾಗದು, ವಾಸನೆ ಬಾರದು, ಬರಿಗಣ್ಣಿಗೆ ಏನೂ ತಿಳಿಯದು. ಸತ್ವ ಹೋಗಿತ್ತು ಎಂದು ಪರೀಕ್ಷೆ ಹೇಳಿತು.

ಆಸ್ಪತ್ರೆಯ ನಿರ್ದೇಶಕರಾದ ಡಾಕ್ಟರ್ ಹಯಗ್ರೀವ ಕೆಟ್ಟವರಲ್ಲ, ಆದರೆ ಆಡಳಿತ ಮಂಡಳಿಗೆ ಹೆದರುವವರು. "ನೋಡಿ ಆಬಿದಾ, ಬೋರ್ಡ್‌ಗೆ ಒಂದು ಹೆಸರು ಬೇಕು. ಸಿಸ್ಟಮ್ ಫೇಲ್ ಆಯ್ತು ಅಂತ ಬರೆದ್ರೆ ಯಾರು ಒಪ್ತಾರೆ? ಮಹದೇವಪುರದ ಸಿಸ್ಟರ್ ಜಯಶೀಲಿ ಫ್ರಿಜ್ ನೋಡ್ಕೋಬೇಕಿತ್ತು. ಇಲ್ಲಾ ಡ್ರೈವರ್ ಲೇಟ್ ಮಾಡಿರ್ಬೇಕು. ಎರಡರಲ್ಲಿ ಒಂದು ಹೇಳಿ, ಮುಗಿಸೋಣ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದಾ ಡಾಕ್ಟ್ರೇ?" ಎಂದರು ಆಬಿದಾ ಬೇಗಂ. "ಜಯಶೀಲಿಯನ್ನ ಕಳಿಸಿ ಇನ್ನೊಬ್ಬ ಸಿಸ್ಟರ್ ತಂದ್ರೆ, ಅವಳೂ ಇದನ್ನೇ ಮಾಡ್ತಾಳೆ. ಇನ್ನೊಬ್ಬಳು ತಾಯಿ ಹೋಗ್ತಾಳೆ."

ಹೀಗೆ ಮಾತು ನಡೆದಿರುವಾಗಲೇ ಕೋಕಿಲಾಳ ಗಂಡ ರಾಮಾಂಜಿನಪ್ಪ ಆಸ್ಪತ್ರೆಗೆ ಬಂದ. ಕೆ.ಆರ್. ಪುರದಲ್ಲಿ ಕಿಟಕಿ ಗ್ರಿಲ್ ಬೆಸೆಯುವವನು. ಕೈತುಂಬ ಸುಟ್ಟ ಕಲೆಗಳು. ಕೂಗಾಡಲಿಲ್ಲ. ಯಾರು ಎಂಬುದಷ್ಟನ್ನು ಹೇಳಿ ಎಂದ. ಆಬಿದಾ ಬೇಗಂ ಅವನಿಗೆ ಕುರ್ಚಿ ಕೊಟ್ಟು, "ನಾಳೆ ಬೆಳಿಗ್ಗೆ ಬನ್ನಿ. ಔಷಧ ಬಂದ ದಾರಿಯಲ್ಲೇ ನಿಮ್ಮನ್ನ ಕರ್ಕೊಂಡ್ಹೋಗ್ತೀನಿ. ಏನೇನಾಯ್ತು ಅನ್ನೋದನ್ನ ಅಲ್ಲಲ್ಲೇ ನೋಡಿ" ಎಂದರು. ಸತ್ಯವನ್ನು ಇಡಿಯಾಗಿ ಕಂಡರೆ ಅವನ ಸಂಕಟಕ್ಕೆ ಒಂದು ನೆಲೆ ಸಿಕ್ಕೀತೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಡಾಕ್ಟರ್ ಹಯಗ್ರೀವರಿಗೆ ಇದು ಹಿಡಿಸಲಿಲ್ಲ. ಕೋರ್ಟಿಗೆ ಹೋಗುವಂಥ ಮಾತು ಹೊರಬೀಳದಂತೆ ನೋಡಿಕೊಳ್ಳಿ ಎಂದು ನನ್ನನ್ನೂ ಜೊತೆಗೆ ಅಟ್ಟಿದರು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲಿಗೆ ಕಾವಲುಗಾರನಾಗಿ ನಾನು ಹೊರಟೆ.

ಮೊದಲು ಹಲಸೂರಿನ ಶೀತಕೋಣೆ. ಕೋಟಿನ ಗುಂಡಿ ಹಾಕಿಕೊಂಡು, ರಾಮಾಂಜಿನಪ್ಪನಿಗೂ ಒಂದು ಶಾಲು ಹೊದಿಸಿ ಒಳಗೆ ಕರೆದೊಯ್ದರು. "ಇಲ್ಲಿಂದ ಹೊರಟಾಗ ಔಷಧ ಚೆನ್ನಾಗಿತ್ತು. ಆದ್ರೆ ಮಹದೇವಪುರದಿಂದ ಪ್ರತಿ ಸಲ ಜಾಸ್ತಿ ಜಾಸ್ತಿ ಕೇಳ್ತಿದ್ರು. ಕೇಳಿದಷ್ಟೂ ಕಳಿಸಿದೆ. ಕೊಡ್ತಾ ಹೋದ್ರೆ ಹೆದರಿಕೆ ಹೋಗ್ತದೆ, ಆಮೇಲೆ ತಾವಾಗೇ ಕಮ್ಮಿ ಕೇಳ್ತಾರೆ ಅಂತ ನನ್ನ ಲೆಕ್ಕ. ಇಲ್ಲಿ ವಾರ್ಡುಗಳಲ್ಲಿ ಅದು ಸರಿಹೋಗಿತ್ತು." ಅವನು ತಲೆಯಾಡಿಸಿದ. ಶಾಲನ್ನು ಮಡಿಚಿ ವಾಪಸು ಕೊಟ್ಟ.

ಆಮೇಲೆ ವ್ಯಾನು. ಚಾಲಕ ಮುನಿರಾಜಪ್ಪ ಹಿಂದಿನ ಪೆಟ್ಟಿಗೆಯನ್ನು ತೆರೆದು ತೋರಿಸಿದ. ಮಂಜಿನ ಚೀಲಗಳು ಕಲ್ಲಿನಂತೆ ಗಟ್ಟಿಯಾಗಿದ್ದವು. ಜೋಗುಪಾಳ್ಯದ ಇಕ್ಕಟ್ಟು ದಾಟಿ, ಹಳೆ ಮದ್ರಾಸು ರಸ್ತೆ ಹಿಡಿದು, ಕೆ.ಆರ್. ಪುರದ ತೂಗುಸೇತುವೆಯ ಬಳಿ ವಾಹನಗಳ ನಡುವೆ ನಿಂತಾಗ ಅವನು ತಾನಾಗಿ ಬಾಯಿಬಿಟ್ಟ. "ಹೋದೊರ್ಸ ಮಾದೇವಪುರ್ದಾಗೆ ನೀರು ನಿಂತು ಗಾಡಿ ಹೋಗ್ಲೇ ಇಲ್ಲ ಸಾ. ಸೊಂಟದ್ಮಟ ನೀರು. ಔಸ್ದಿ ಹಂಗೇ ವಾಪಸ್ ತಂದೆ. ಅಲ್ಲೊಬ್ಬಮ್ಮ ಔಸ್ದಿ ಇಲ್ದೆ ಸಾಯೋಳು, ಹೆಂಗೋ ಬದ್ಕಂಡ್ಳು. ಅದುಕ್ಕೆ ಹಯಗ್ರೀವ ಡಾಕ್ಟ್ರು ಏನಂದ್ರು, ಮಳೆಗಾಲ ಬರಾಕ್ ಮುಂಚೇನೇ ಎಲ್ಲಾ ಒಂದೇ ಕಿತ ಕೊಟ್ಬುಡು ಅಂದ್ರು. ಅಂಗೇ ಮಾಡ್ದೆ." ಹೇಳಿ ಮುಗಿಸಿ, ಪಕ್ಕದಲ್ಲಿ ಕುಳಿತ ರಾಮಾಂಜಿನಪ್ಪನ ಮುಖವನ್ನು ನೋಡಲಾರದೆ, ಹಸಿರು ದೀಪ ಬಂದರೂ ಗಾಡಿ ಎತ್ತುವುದನ್ನು ಮರೆತ.

ಮಹದೇವಪುರದ ಕೇಂದ್ರದಲ್ಲಿ ಸಿಸ್ಟರ್ ಜಯಶೀಲಿ ನಮಗಾಗಿ ಕಾಯುತ್ತಿದ್ದಳು. ಅತ್ತು ಅತ್ತು ಕಣ್ಣು ಬಾತಿದ್ದವು. ಫ್ರಿಜ್ಜು ಚಿಕ್ಕದು, ಅದರೊಳಗೆ ಸಾಮಾನು ಕಿಕ್ಕಿರಿದಿತ್ತು. ತಣ್ಣನೆಯ ಗಾಳಿ ಹರಿದಾಡಲು ಬೆರಳು ತೂರುವಷ್ಟೂ ಸಂದಿರಲಿಲ್ಲ. ಮುಂದಿನ ಪೆಟ್ಟಿಗೆಗಳು ಅಡ್ಡ ಬಂದು ಬಾಗಿಲು ಪೂರ್ತಿ ಕೂರದೆ, ಗಾಯಕ್ಕೆ ಕಟ್ಟುವ ಬಟ್ಟೆಯ ಪಟ್ಟಿಯಿಂದ ಅದನ್ನು ಬಿಗಿದಿದ್ದರು. ಉಷ್ಣಮಾಪಕ ಫ್ರಿಜ್ಜಿನೊಳಗೆ ಹಿಂದಿನ ಗೋಡೆಗೆ ನೇತಾಡುತ್ತಿತ್ತು. ಅಲ್ಲಿ ಎಲ್ಲವೂ ಸರಿಯಾಗಿತ್ತು. ಆಕ್ಸಿಟೋಸಿನ್ ಇದ್ದದ್ದು ಮುಂದೆ, ಬಾಗಿಲಿನ ಅಂಚಿನಲ್ಲಿ. ಅವಸರಕ್ಕೆ ಕೈಗೆ ಬೇಗ ಸಿಗಲೆಂದು ಜಯಶೀಲಿಯೇ ಅಲ್ಲಿ ಇಟ್ಟಿದ್ದಳು.

"ಹೋದ ವರ್ಷ ಮದ್ದಿಲ್ದೆ ಆ ಹುಡುಗಿ ನನ್ ಕೈಲೇ ತಣ್ಣಗಾಗ್ತಾ ಇದ್ಲು ಸಾರ್," ಎಂದಳು ಅವಳು ರಾಮಾಂಜಿನಪ್ಪನಿಗೆ. "ಇನ್ನೊಂದ್ಸಲ ಹಾಗಾಗಬಾರ್ದು ಅಂತ ಜಾಸ್ತಿ ಜಾಸ್ತಿ ಕೇಳಿ ತರಿಸ್ಕೊಂಡೆ. ಯೇಸು ಕರ್ತರಾಣೆ, ಒಳ್ಳೇದಕ್ಕೇ ಮಾಡಿದ್ದು."

ಅತಿಯಾದರೆ ಅಮೃತವೂ ವಿಷವೆಂಬ ಗಾದೆಯನ್ನು ನಾನು ಎಷ್ಟೋ ಸಲ ಬಳಸಿದ್ದೇನೆ. ಅದರ ಅರ್ಥ ಅಂದು ಕಣ್ಣೆದುರು ನಿಂತಿತ್ತು. ಔಷಧ ಕಡಿಮೆಯಾದೀತೆಂಬ ಭಯ ಔಷಧವನ್ನು ರಾಶಿ ಹಾಕಿಸಿತ್ತು, ಆ ರಾಶಿಯೇ ಔಷಧವನ್ನು ಕೊಂದಿತ್ತು. ಆಬಿದಾ ಬೇಗಂ ಇದನ್ನೆಲ್ಲ ಅವನಿಗೆ ಒಂದೊಂದಾಗಿ, ಮೃದುವಾಗಿ, ಯಾವುದನ್ನೂ ಮುಚ್ಚದೆ ಬಿಡಿಸಿ ಹೇಳಿದರು. ವಾರ್ಡುಗಳ ಹೆದರಿಕೆ ಮಹಡಿ ಇಳಿದರೆ ಔಷಧಾಗಾರ ಸಿಗುವವರ ಹೆದರಿಕೆ, ಅದು ಕೊಟ್ಟರೆ ಹೋಗುವಂಥದು. ಈ ಕೇಂದ್ರದ ಹೆದರಿಕೆ ದಾರಿಯ ನಡುವೆ ನಿಲ್ಲುವ ಮಳೆನೀರಿನದು, ಅದು ಎಷ್ಟು ಕೊಟ್ಟರೂ ಹೋಗುವಂಥದಲ್ಲ, ಆ ವ್ಯತ್ಯಾಸ ತಮಗೆ ಹೊಳೆಯಲಿಲ್ಲ ಎಂದರು. ಅಷ್ಟು ಸ್ಪಷ್ಟವಾದ ವಿವರಣೆಯನ್ನು ನಾನು ಯಾವ ತಜ್ಞರ ಬಾಯಲ್ಲೂ ಕೇಳಿಲ್ಲ.

ರಾಮಾಂಜಿನಪ್ಪ ಕೇಳಿಸಿಕೊಂಡ. ಹೊರಗೆ ಬಂದು ಅಂಗಳದ ಹೊಂಗೆಮರದ ಕೆಳಗೆ ನಿಂತ. ಚಹಾ ಕೊಟ್ಟರೆ ಬೇಡವೆಂದ.

"ಅಂದ್ರೆ ಎಲ್ರೂ ಒಳ್ಳೇದೇ ಮಾಡಿದೀರ," ಎಂದ. "ಎಲ್ರೂ ಸೇರಿ ಒಳ್ಳೇದ್ ಮಾಡಿ, ನನ್ ಹೆಂಡ್ತಿ ಸತ್ತೋದ್ಲು."

ಮರಕ್ಕೆ ಬೆನ್ನು ಕೊಟ್ಟು ಆಬಿದಾ ಬೇಗಂ ಕಡೆ ತಿರುಗಿದ.

"ನಂಗೊಂದು ಹೆಸ್ರು ಬೇಕು ಮೇಡಂ. ನಾಳೆ ಮಗು ದೊಡ್ಡದಾಗಿ ಕೇಳುತ್ತೆ, ನಮ್ಮಮ್ಮನ್ನ ಯಾರ್ ಸಾಯ್ಸಿದ್ರು ಅಂತ. ಏನ್ ಹೇಳ್ಲಿ ಅದಕ್ಕೆ? ಫ್ರಿಜ್ ಬಾಗ್ಲು ಅಂತ ಹೇಳ್ಲಾ? ಮಳೆ ಅಂತ ಹೇಳ್ಲಾ? ಒಂದ್ ಹೆಸ್ರು ಕೊಡಿ ಸಾಕು. ಸುಳ್ಳಾದ್ರೂ ಪರ್ವಾಗಿಲ್ಲ."

ಆಬಿದಾ ಬೇಗಂ ಜೀವಮಾನವೆಲ್ಲ ಯಾರ ಹೆಸರನ್ನೂ ಹೇಳದವರು. ಹೆಸರು ಹೇಳಿದೊಡನೆ ಜನ ಯೋಚಿಸುವುದನ್ನು ನಿಲ್ಲಿಸಿಬಿಡುತ್ತಾರೆ ಎಂದು ನನಗೇ ಎಷ್ಟು ಸಲ ಬುದ್ಧಿ ಹೇಳಿದ್ದರು. ಅವರ ಮುಖವನ್ನೇ ನೋಡುತ್ತಿದ್ದೆ. ಒಳಗೆ ಕಿಟಕಿಯ ಹಿಂದೆ ಜಯಶೀಲಿ ಕಂಬಿ ಹಿಡಿದು ನಿಂತಿದ್ದಳು. ಹೆಸರೊಂದು ಬಿದ್ದರೆ ಅದು ತನ್ನದೇ ಎಂದು ಅವಳಿಗೆ ಗೊತ್ತಿತ್ತು.

"ಆಬಿದಾ ಅಂತ ಹೇಳಿ," ಎಂದರು ಅವರು.

"ಏನು?"

"ನನ್ನ ಹೆಸರು. ಆಬಿದಾ ಬೇಗಂ, ಹಲಸೂರು ಆಸ್ಪತ್ರೆ ಸ್ಟೋರ್ಸ್. ಯಾಕೆ ಅಂತ ಕೇಳದೆ ಕಳಿಸಿದವಳು ನಾನೇ. ಮಗು ಕೇಳಿದ್ರೆ ಹೇಳಿ. ಈಗ ನಿಮಗೇನಾದ್ರೂ ಹೇಳ್ಬೇಕು ಅಂತಿದ್ರೆ ನನಗೇ ಹೇಳಿ."

ಮುನಿರಾಜಪ್ಪ "ಮೇಡಮ್ಮೋರೇ, ಬ್ಯಾಡಿ" ಎಂದು ಮುಂದೆ ಬಂದ. ಅವರು ಕೈಯೆತ್ತಿ ತಡೆದರು. ರಾಮಾಂಜಿನಪ್ಪ ಒಂದು ಗಳಿಗೆ ಅವರನ್ನು ನೋಡಿದ. ಆಮೇಲೆ ಕಟ್ಟೆ ಒಡೆಯಿತು. ಕನ್ನಡದಲ್ಲಿ, ತೆಲುಗಿನಲ್ಲಿ, ಬರೆಯಲಾಗದ ಮಾತುಗಳಲ್ಲಿ ಅವರನ್ನು ಬೈದ. ಅವರ ವಂಶವನ್ನು ಬೈದ, ಅವರ ಕೈ ಸೇದಿಹೋಗಲೆಂದು ಶಪಿಸಿದ. ಕೇಂದ್ರಕ್ಕೆ ಬಂದಿದ್ದ ಗರ್ಭಿಣಿಯರು ಎದ್ದು ನಿಂತು ನೋಡಿದರು. ಆಬಿದಾ ಬೇಗಂ ಆ ಕಂದು ಕೋಟಿನಲ್ಲಿ, ಬೆವರುತ್ತ, ಒಂದು ಮಾತನ್ನೂ ತಡೆಯದೆ, ಒಂದು ಹೆಜ್ಜೆಯನ್ನೂ ಹಿಂದಿಡದೆ ನಿಂತರು. ಬೈಗುಳ ಮುಗಿದ ಮೇಲೆ ಅವನು ಮೆಟ್ಟಿಲ ಮೇಲೆ ಕುಸಿದು, ಮೊಣಕಾಲಿನ ನಡುವೆ ತಲೆಯಿಟ್ಟು ಅತ್ತ. ಹೆಂಡತಿ ಸತ್ತ ಮೇಲೆ ಅವನು ಅತ್ತದ್ದು ಅದೇ ಮೊದಲೆಂದು ಅವನ ಅಕ್ಕ ಆಮೇಲೆ ಹೇಳಿದಳು.

ಹಿಂದಿರುಗುವಾಗ ನನಗೆ ಸುಮ್ಮನಿರಲಾಗಲಿಲ್ಲ. "ಇದು ನೀವೇ ನಂಬದ ಮಾತಲ್ವಾ?" ಎಂದೆ.

"ಪೂರ್ತಿ ನಿಜ ಹೊತ್ಕೊಂಡು ಅವನು ಮನೆಗೆ ಹೋಗೋಕಾಗ್ತಿತ್ತಾ?" ಎಂದರು. "ಕೈಯಲ್ಲಿ ಮಗು ಬೇರೆ ಇದೆ."

ಮಾತು ನಮಗಿಂತ ಮೊದಲೇ ಹಲಸೂರನ್ನು ಮುಟ್ಟಿತ್ತು. ಡಾಕ್ಟರ್ ಹಯಗ್ರೀವರ ಮುಖದಲ್ಲಿ ಕಂಡ ನಿರಾಳವನ್ನು ನಾನು ಕ್ಷಮಿಸಿಲ್ಲ. ಮಂಡಳಿಗೆ ಬೇಕಾಗಿದ್ದ ಹೆಸರು ಸಿಕ್ಕಿತ್ತು, ಅದೂ ಸ್ವಂತ ಬಾಯಿಂದ. ರಾಜೀನಾಮೆ ಕೇಳಿದರು. ಆಬಿದಾ ಬೇಗಂ ವಾದಿಸಲಿಲ್ಲ. ಜಯಶೀಲಿಯನ್ನೂ ಮುನಿರಾಜಪ್ಪನನ್ನೂ ಮುಟ್ಟಬಾರದು, ಮಳೆಗಾಲ ಮುಗಿಯುವವರೆಗೆ ತಮ್ಮನ್ನು ಕೆಲಸದಲ್ಲಿರಿಸಬೇಕು ಎಂದಷ್ಟೇ ಕೇಳಿದರು. ಆ ಅವಧಿಯಲ್ಲಿ ಔಷಧದ ದಾರಿಯನ್ನು ಬಿಚ್ಚಿ ಮತ್ತೆ ಹೆಣೆದರು. ಒಂದೇ ಸಲಕ್ಕೆ ರಾಶಿ ಕಳಿಸುವುದು ನಿಂತು ವಾರವಾರಕ್ಕೆ ಸ್ವಲ್ಪಸ್ವಲ್ಪ ಹೋಗತೊಡಗಿತು. ಕೆ.ಆರ್. ಪುರದಲ್ಲಿ ನಡುದಾರಿಯ ಶೀತಪೆಟ್ಟಿಗೆ ಬಂತು. ಹೆಚ್ಚು ಬೇಕೆಂದು ಯಾರಾದರೂ ಫೋನು ಮಾಡಿದರೆ, ಅವರಿಗೇಕೆ ಭಯವಾಗಿದೆಯೆಂದು ಮೊದಲು ಕೇಳುವ ಪದ್ಧತಿ ಬಂತು. ನೀರು ನಿಂತ ದಿನಗಳಿಗೆಂದು ಒಬ್ಬರ ಟ್ರ್ಯಾಕ್ಟರನ್ನು ಗೊತ್ತುಮಾಡಿದರು. ಆ ವರ್ಷವೂ ಮಹದೇವಪುರ ಮುಳುಗಿತು. ಔಷಧ ಟ್ರ್ಯಾಕ್ಟರಿನ ಮೇಲೆ ತಣ್ಣಗೆ ಹೋಗಿ ತಲುಪಿತು, ಹೆರಿಗೆಗಳಾದವು, ತಾಯಂದಿರು ಮಕ್ಕಳನ್ನೆತ್ತಿಕೊಂಡು ಮನೆಗೆ ಹೋದರು. ವರದಿಯಲ್ಲಿ ಬರೆಯುವಂಥದ್ದು ಏನೂ ನಡೆಯಲಿಲ್ಲ. ಮಳೆ ನಿಂತ ಮೇಲೆ ಅವರೂ ಮನೆಗೆ ಹೋದರು.

ರಾಮಾಂಜಿನಪ್ಪ ಅವರನ್ನು ಕ್ಷಮಿಸಿಲ್ಲವೆಂದು ಕೇಳಿದ್ದೇನೆ. ಅವನು ಕ್ಷಮಿಸಲೆಂದು ಅವರು ಬಯಸಿದ್ದನ್ನೂ ನಾನು ಕಂಡಿಲ್ಲ.

ಬಿಡಿಬಿಡಿಯಾಗಿ ಕಾಣುವ ಲೋಕದಲ್ಲಿ ಇಡಿಯನ್ನು ಕಾಣುವ ಕಣ್ಣು ಕೆಲವರಿಗೆ ಇರುತ್ತದೆ. ಅದನ್ನು ವರವೆನ್ನಲು ನನಗೆ ಈಗ ಧೈರ್ಯವಿಲ್ಲ. ಆ ಕಣ್ಣಿರುವವರಿಗೆ ದೂರ ನಿಂತು ಬೆರಳು ತೋರಿಸುವ ಸುಖವಿಲ್ಲ, ಏಕೆಂದರೆ ಅವರು ನೋಡುವ ಇಡಿಯೊಳಗೆ ಅವರೂ ಇರುತ್ತಾರೆ. ಅವರ ಕೆಲಸ ಸಫಲವಾದರೆ ಏನೂ ಸಂಭವಿಸುವುದಿಲ್ಲ, ಸಂಭವಿಸದ್ದಕ್ಕೆ ಯಾರೂ ಕೃತಜ್ಞತೆ ಹೇಳುವುದಿಲ್ಲ. ಮಳೆಯ ನಡುವೆ ಹೆತ್ತು ಎದ್ದುಹೋದ ಆ ತಾಯಂದಿರಲ್ಲಿ ಒಬ್ಬರಿಗೂ ಆಬಿದಾ ಬೇಗಂ ಎಂಬ ಹೆಸರು ಗೊತ್ತಿಲ್ಲ. ಆ ಹೆಸರನ್ನು ಮರೆಯದೆ ಮಗುವಿಗೆ ಹೇಳಿಕೊಡುತ್ತಿರುವುದು, ಅವರಿಂದ ಉಳಿಸಲಾಗದೆ ಹೋದ ಆ ಒಂದು ಮನೆ ಮಾತ್ರ.